ಮಹಿಮೆಗೆ ಇನ್ನೊಂದು ಮಾತು

೧೪ ಜೂನ್ ೨೦೦೦, ಬುಧವಾರ

ಇದು ಶಾಲೆಯ ಹಾಜರಿ ಪುಸ್ತಕ. ಹೋದ ವರ್ಷ ನಿವೃತ್ತನಾದ ದಿನ ಕಪಾಟು ಖಾಲಿ ಮಾಡುವಾಗ ನನ್ನ ಚೀಲದೊಳಗೆ ಬಂದುಬಿಟ್ಟಿತ್ತು, ಅಥವಾ ನಾನೇ ಹಾಕಿಕೊಂಡಿದ್ದೆ. ಮೂವತ್ತೆರಡು ವರ್ಷ ಮಂದಿಯ ಮಕ್ಕಳ ಹಾಜರಿ ಹಾಕಿದವನು ಈಗ ನನ್ನ ಹಾಜರಿ ಹಾಕಿಕೊಳ್ಳುತ್ತಿದ್ದೇನೆ. ಮಧ್ಯಾಹ್ನ ಹೆಂಡತಿ ಪ್ರಮಿಳಾ ಮಲಗಿದ ಮೇಲೆ ಸಿಗುವ ಒಂದು ತಾಸು ಮಾತ್ರ ನನ್ನದು.

ಏಪ್ರಿಲ್‌ನಲ್ಲಿ ಪ್ರಮಿಳಾಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಒಂದೊಂದೇ ಶಬ್ದವಾಗಿ ಬರುತ್ತದೆ. ವಾರಕ್ಕೆ ಎರಡು ಸಲ ನೆಹರು ನಗರದ ಆಸ್ಪತ್ರೆಗೆ ವ್ಯಾಯಾಮಕ್ಕೆ ಕರೆದುಕೊಂಡು ಹೋಗಬೇಕು. ನಮ್ಮೂರು ಇಟಗಿಯಿಂದ ಅಕ್ಕ ಭೀಮಕ್ಕ ಬಂದು ನಿಂತಿದ್ದಾಳೆ. ಅರವತ್ತಾರು ವರ್ಷದ ಹೆಂಗಸು, ಜನ್ಮವೆಲ್ಲ ಕುರಿಗಳ ಹಿಂದೆ ನಡೆದವಳು, ಪ್ರಮಿಳಾಳನ್ನು ಮರಿ ಎತ್ತಿದ ಹಾಗೆ ಎತ್ತಿ ಕೂರಿಸುತ್ತಾಳೆ. ನಾನು ಎತ್ತಲು ಹೋದರೆ ಇಬ್ಬರೂ ಬೀಳುವ ಹಾಗಾಗುತ್ತದೆ.

ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಬೆಳಗಾವಿ ಕ್ಯಾಂಪಿನ ಚರ್ಚಿನ ಹಿಂದಿನ ಕೋಣೆಯಲ್ಲಿ ನನ್ನ ಹೊಸ ಕೆಲಸ. ಯೋಹಾನನ ಸುವಾರ್ತೆಯನ್ನು ಈ ಕಡೆಯ ಹಳ್ಳಿಗರು ಕೇಳಿದ ಕೂಡಲೇ ತಿಳಿಯುವಂಥ ಕನ್ನಡಕ್ಕೆ ತರುತ್ತಿದ್ದಾರೆ. ಗ್ರೀಕ್ ಬಲ್ಲವರು ರೆವರೆಂಡ್ ಸಾಲೊಮನ್ ಹಂಚಿನಮನಿ. ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡುವವಳು ಮುಕ್ತಾ, ಮನೆಯಲ್ಲಿ ಮರಾಠಿ, ಕೆಲಸದಲ್ಲಿ ಕನ್ನಡ. ಕನ್ನಡ ತಿದ್ದಲು ನಾನು. ಅವರ ಧರ್ಮದವನಲ್ಲ, ಆದರೆ ಕನ್ನಡಕ್ಕೆ ಇಟಗಿ ಸರ್ ಬೇಕು ಎಂದು ಹುಡುಕಿಕೊಂಡು ಬಂದಿದ್ದರು. ಪುಸ್ತಕದ ಮೊದಲ ಪುಟದಲ್ಲಿ ಹೆಸರು ಹಾಕುತ್ತಾರಂತೆ. ಈ ಮನೆಯ ಔಷಧದ ವಾಸನೆಯ ನಡುವೆ ಅದೊಂದು ನೆನೆಸಿಕೊಂಡರೆ ಸಮಾಧಾನವಾಗುತ್ತದೆ.

೨೩ ಜೂನ್, ಶುಕ್ರವಾರ

ಮೂರು ದಿನದಿಂದ ಒಂದೇ ಶಬ್ದದ ಮೇಲೆ ಕುಳಿತಿದ್ದೇವೆ. ಗ್ರೀಕಿನಲ್ಲಿ ‘ದೋಕ್ಸಾ’ ಅಂತೆ. ಹಳೆಯ ಅನುವಾದಗಳಲ್ಲಿ ಒಂದೊಂದು ಕಡೆ ಒಂದೊಂದು ಇದೆ. ನಾನು ಎಲ್ಲ ಕಡೆ ‘ಮಹಿಮೆ’ ಎಂದು ಹಾಕಿ ಮುಗಿಸಿದ್ದೆ. ಸುಂದರವಾದ ಮಾತು, ತುಂಬುಬಾಯಿಯ ಮಾತು. ಹಂಚಿನಮನಿಯವರಿಗೆ ಒಪ್ಪಿಗೆಯಿಲ್ಲ.

“ಸರ, ಈ ಶಬ್ದದ ಹಾದಿ ಭಾಳ ವಿಚಿತ್ರ ಐತ್ರಿ,” ಎಂದರು. “ಮೊದಲ ಗ್ರೀಕ ಮಂದಿ ಬಾಯಾಗ ಇದು ಬರೇ ಅಭಿಪ್ರಾಯ. ಒಬ್ಬನ ಬಗ್ಗೆ ನಾಕ ಮಂದಿ ಏನ ಅಂದಕೊಂಡಾರ, ಅದು. ಮುಂದ ಹೀಬ್ರೂ ಶಾಸ್ತ್ರ ಗ್ರೀಕಿಗೆ ತರೂವಾಗ ಅಲ್ಲಿ ‘ಕಾಬೋದ್’ ಅಂತ ಒಂದ ಮಾತಿತ್ತು. ಅದರ ಬೇರಿಗೆ ಹೋದ್ರ ಭಾರ ಅಂತ ಅರ್ಥ. ದೇವರ ಘನ, ದೇವರ ಬೆಳಕು, ಎಲ್ಲಾ ಅದರಾಗ ಬರತೈತಿ. ಅದಕ್ಕ ಇದನ್ನ ತಂದ ಹಾಕಿದ್ರು. ಮಂದಿ ಅನ್ನೂ ಮಾತು ಹೋಗಿ ದೇವರ ಬೆಳಕಾತು.”

“ಹಾಗಾದರೆ ಮಹಿಮೆಯೇ ಸರಿಯಲ್ಲವೆ?” ಎಂದೆ.

“ಯೋಹಾನ ಇದನ್ನ ಎಲ್ಲಿ ಹಾಕತಾನ ನೋಡ್ರಿ. ಊಟಕ್ಕ ಕುಂತಾರ. ಗುರು ಎದ್ದು ಶಿಷ್ಯರ ಕಾಲ ತೊಳದಾನ. ಆಮ್ಯಾಲ ಒಬ್ಬ ಶಿಷ್ಯ ಅವನ್ನ ಹಿಡದ ಕೊಡಾಕ ಎದ್ದ ಹೋಗತಾನ. ಹೊರಗ ಕತ್ತಲಿ. ಅವ ಹೋದ ಮ್ಯಾಲ ಗುರು ಅಂತಾನ, ಈಗ ನನ್ನ ದೋಕ್ಸಾ ಕಾಣಿಸಿತು ಅಂತ. ನಿಮ್ಮ ಮಹಿಮಾ ಅಲ್ಲಿ ಕುಂದರತೈತೇನ್ರಿ?”

ಕಾಲು ತೊಳೆಯುವುದು, ಮೋಸ, ಅದರ ಬೆನ್ನಿಗೆ ಮಹಿಮೆ. ಯೋಹಾನ ನನ್ನ ವಿದ್ಯಾರ್ಥಿಯಾಗಿದ್ದರೆ ಕ್ರಮ ತಪ್ಪಿದೆ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದೆ.

ಪ್ರಮಿಳಾ ಇಂದು ಎರಡು ಚಮಚ ಗಂಜಿ ಉಗುಳಿದಳು. ಅಕ್ಕ ಸೆರಗಿನಿಂದಲೇ ಒರೆಸಿದಳು. ಟವೆಲ್ ಇದೆ ಎಂದು ನಾನು ಗದರಿದೆ.

೨ ಜುಲೈ, ಭಾನುವಾರ

ಪ್ರಮಿಳಾಳನ್ನು ನೋಡಲು ಹಂಚಿನಮನಿಯವರು ಮನೆಗೆ ಬಂದಿದ್ದರು. ರಾಮತೀರ್ಥ ನಗರದಲ್ಲಿ ಇನ್ನೂ ಅರ್ಧ ಪ್ಲಾಟುಗಳು ಖಾಲಿ ಇವೆ, ಮನೆ ಹುಡುಕಲು ಅರ್ಧ ತಾಸು ಅಲೆದರಂತೆ. ಅವರು ಒಳಗೆ ಬಂದಾಗ ಅಕ್ಕ ಸೀರೆ ಮೇಲೆ ಕಟ್ಟಿಕೊಂಡು ಪ್ರಮಿಳಾಳ ಕಾಲು ತಿಕ್ಕುತ್ತಿದ್ದಳು. ಆಮೇಲೆ ಚಹಾ ತಂದಿಟ್ಟು ಅಡಿಗೆಮನೆಯ ಬಾಗಿಲಲ್ಲಿ ನೆಲದ ಮೇಲೆ ಕುಳಿತಳು. ಕುರ್ಚಿಯ ಮೇಲೆ ಕೂರುವ ರೂಢಿ ಅವಳಿಗಿಲ್ಲ.

“ಈ ಕೆಲಸದ ಬಾಯಿ ಭಾಳ ಮನಸಿಟ್ಟು ಮಾಡತಾರಲ್ರಿ,” ಎಂದರು ಹಂಚಿನಮನಿಯವರು. “ಇಂಥಾವ್ರು ಈಗ ಸಿಗೂದಿಲ್ಲ. ಎಲ್ಲಿಂದ ಹಚ್ಚಿದ್ರಿ?”

“ಖಾನಾಪುರ ಕಡೀಂದ,” ಎಂದೆ.

ಅಷ್ಟೇ ಹೇಳಿದ್ದು. ಅದರಲ್ಲಿ ಸುಳ್ಳೇನಿಲ್ಲ, ಇಟಗಿ ಖಾನಾಪುರ ತಾಲೂಕಿನಲ್ಲೇ ಇದೆ. ವಿವರಿಸುತ್ತ ಕೂರಲು ಅದು ಸಮಯವೂ ಆಗಿರಲಿಲ್ಲ. ಅಕ್ಕ ಚಹಾದ ಕಪ್ಪುಗಳನ್ನು ತೆಗೆದುಕೊಂಡು ಒಳಗೆ ಹೋದಳು. ಅವಳಿಗೆ ಕೇಳಿಸಿರಲಿಕ್ಕಿಲ್ಲ.

ಊರಿನಲ್ಲಿ ನಾನು ಕುರುಬರ ಸಿದರಾಯ. ಕೆಲಸಕ್ಕೆ ಸೇರುವಾಗ ಊರಿನ ಹೆಸರನ್ನೇ ಮುಂದೆ ಹಾಕಿಕೊಂಡು ಎಸ್. ಬಿ. ಇಟಗಿ ಆದೆ. ಎಷ್ಟೋ ಮಂದಿ ಹಾಗೆ ಮಾಡಿದ್ದಾರೆ. ಅದರಲ್ಲೂ ಸುಳ್ಳೇನಿಲ್ಲ.

೯ ಜುಲೈ, ಭಾನುವಾರ

ಸೊಂಟ ನೋವು. ಆಸ್ಪತ್ರೆಯ ಮೆಟ್ಟಿಲು, ರಿಕ್ಷಾ, ಮತ್ತೆ ಮೆಟ್ಟಿಲು. ದಣಿವು ನಿದ್ದೆಯಿಂದ ಹೋಗುತ್ತಿಲ್ಲ.

ಪುಸ್ತಕದಲ್ಲಿ ಹೆಸರು ಹೇಗೆ ಬರಬೇಕು ಎಂದು ಬರೆದುಕೊಡಲು ಮುಕ್ತಾ ಒಂದು ಚೀಟಿ ಕೊಟ್ಟಿದ್ದಾಳೆ. ನಾಲ್ಕು ಸಲ ಬೇರೆ ಕಾಗದದ ಮೇಲೆ ಬರೆದು ನೋಡಿದೆ. ‘ಭಾಷಾ ಪರಿಶೀಲನೆ: ಎಸ್. ಬಿ. ಇಟಗಿ, ಎಂ.ಎ., ಬಿ.ಎಡ್., ಜಿಲ್ಲಾ ಉತ್ತಮ ಶಿಕ್ಷಕ ಪ್ರಶಸ್ತಿ ಪುರಸ್ಕೃತರು.’ ‘ಪುರಸ್ಕೃತರು’ ಎಂಬ ಬಹುವಚನವನ್ನು ನಾನೇ ಬರೆದುಕೊಳ್ಳುವುದು ಸರಿಯೆ? ಇನ್ನೂ ತೀರ್ಮಾನಿಸಿಲ್ಲ. ಚೀಟಿಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ.

ನಿನ್ನೆ ಸಂಜೆ ಆಸ್ಪತ್ರೆಯಿಂದ ಬರುವಾಗ ರಿಕ್ಷಾ ಕೋಟೆಯ ಪಕ್ಕದಿಂದ ಬಂತು. ಕೆರೆಯ ದಂಡೆ ನೋಡಿ ಅಕ್ಕ, “ಇಲ್ಲೇ ಅಲ್ಲೇನೋ ನಾ ನಿಂದರತಿದ್ನಿ,” ಎಂದಳು. ಪಿ.ಯು.ಸಿ.ಗೆ ನಾನು ಬೆಳಗಾವಿಯ ಹಾಸ್ಟೆಲಿನಲ್ಲಿದ್ದಾಗ ಅವಳು ತಿಂಗಳಿಗೊಮ್ಮೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಿದ್ದಳು. ಹೆಗಲ ಮೇಲೆ ಕಂಬಳಿ, ಮೈಯಿಂದ ಕುರಿಯ ವಾಸನೆ. ಹಾಸ್ಟೆಲಿನ ಬಾಗಿಲಿಗೆ ಬರಬೇಡ, ಕೋಟೆ ಕೆರೆಯ ದಂಡೆಗೆ ನಿಲ್ಲು, ನಾನೇ ಬರುತ್ತೇನೆ ಎಂದಿದ್ದೆ. ಎರಡು ಮೂರು ಸಲ ಗೆಳೆಯರು ಜೊತೆಗಿದ್ದರೆಂದು ಹೋಗಿರಲಿಲ್ಲ. ಆಗ ಹದಿನೇಳು ವರ್ಷ ನನಗೆ.

“ಭಾಳ ಗಾಳಿ ಇರತಿತ್ತ ಇಲ್ಲಿ,” ಎಂದಳು ಅಕ್ಕ. ಪ್ರಮಿಳಾ ನನ್ನ ಕಡೆ ನೋಡಿದಳು.

೧೯ ಜುಲೈ, ಬುಧವಾರ

ಹನ್ನೆರಡನೆಯ ಅಧ್ಯಾಯ ಮುಗಿಯಿತು. ಇನ್ನು ಪರೀಕ್ಷೆಯಂತೆ. ಓದು ಬಾರದ ಒಬ್ಬ ಹಳ್ಳಿಯವರನ್ನು ಕೂರಿಸಿ ನಮ್ಮ ಅನುವಾದವನ್ನು ಎರಡು ಸಲ ಓದಿ ಹೇಳಬೇಕು. ಆಮೇಲೆ ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಎಲ್ಲಿ ತಡವರಿಸುತ್ತಾರೋ ಅಲ್ಲಿ ನಮ್ಮ ತಪ್ಪು ಎಂದು ಲೆಕ್ಕ. ಮುಕ್ತಾ ಟೇಪ್ ಮಾಡಿಕೊಳ್ಳುತ್ತಾಳೆ, ಒಂದು ಫಾರ್ಮ್ ತುಂಬುತ್ತಾಳೆ. ಕಟ್ಟುನಿಟ್ಟಾದ ನಿಯಮವೊಂದಿದೆ: ಕೇಳುಗರು ಸಮಿತಿಯವರಿಗೆ ಸಂಬಂಧಿಕರಾಗಿರಬಾರದು. ಮನೆಯವರಾದರೆ ನಮ್ಮ ಮನಸ್ಸು ಕಾಯಲು ತಿಳಿಯದಿದ್ದರೂ ತಿಳಿಯಿತು ಎನ್ನುತ್ತಾರೆ.

“ನಿಮ್ಮ ಮನ್ಯಾಗ ಅದಾರಲ್ರಿ ಆ ಬಾಯಿ, ಅವರ ಮಾತು ಎಷ್ಟ ಸ್ವಚ್ಛ ಐತಿ,” ಎಂದರು ಹಂಚಿನಮನಿಯವರು. “ಅವರನ್ನ ಒಂದ ತಾಸು ಕರಕೊಂಡ ಬರ್ರಿ.”

ಆಗ ಹೇಳಬಹುದಾಗಿತ್ತು. ಇಲ್ಲ, ಆಗ ಹೇಳಿದರೆ ಮೊದಲು ಯಾಕೆ ಹೇಳಲಿಲ್ಲ ಎಂದು ಬರುತ್ತಿತ್ತು. ನೋಡೋಣ ಎಂದು ಬಂದೆ.

ಮನೆಗೆ ಬಂದು ಅಕ್ಕನಿಗೆ ಸುತ್ತಿ ಬಳಸಿ ಹೇಳಿದೆ. ಅವಳು ಅಕ್ಕಿ ಆರಿಸುತ್ತ ಕೇಳಿಸಿಕೊಂಡಳು.

“ನಾ ಯಾರಂತ ಹೇಳಬೇಕು?”

“ಏನೂ ಹೇಳಬ್ಯಾಡ. ಅವರು ಕೇಳಿದ್ದಕ್ಕಷ್ಟ ಹೇಳು.”

“ಆತ ಬಿಡು,” ಎಂದಳು.

೨೬ ಜುಲೈ, ಬುಧವಾರ

ಕೈ ಬರೆಯಲು ಒಲ್ಲೆ ಎನ್ನುತ್ತಿದೆ. ಆದರೂ ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಬಾಜು ಮನೆಯವರನ್ನು ಪ್ರಮಿಳಾಳ ಹತ್ತಿರ ಕೂರಿಸಿ ಅಕ್ಕ ತೊಳೆದ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಕುರ್ಚಿಯ ತುದಿಗೆ ಕುಳಿತಳು. ಮುಕ್ತಾ ಫಾರ್ಮ್ ತೆಗೆದಳು. ಹೆಸರು ಭೀಮಕ್ಕ. ವಯಸ್ಸು ಅರವತ್ತಾರು. ಓದು ಇಲ್ಲ. ಊರು ಇಟಗಿ.

“ಅಯ್ಯ, ಸರ್ ನಿಮ್ಮ ಊರಿನವರಽ?” ಎಂದಳು ಮುಕ್ತಾ. “ಸಮಿತಿಯವರಿಗೆ ಸಂಬಂಧ ಏನರ ಐತೇನ್ರಿ, ಅಜ್ಜಿ?”

ನಾನು ಪೆನ್ನಿನ ಮುಚ್ಚಳ ತಿರುವುತ್ತಿದ್ದೆ.

“ಇಲ್ಲವ್ವಾ,” ಎಂದಳು ಅಕ್ಕ. “ಮಾಸ್ತರ್ರ ಊರಾಕಿ. ಅದಕ್ಕ ಕೆಲಸಕ್ಕ ಕರಕೊಂಡ ಬಂದಾರ.”

ಸಂಬಂಧ: ಇಲ್ಲ. ಮುಕ್ತಾ ಬರೆದುಕೊಂಡಳು.

ಓದಿದ್ದು ಹನ್ನೆರಡನೆಯ ಅಧ್ಯಾಯದ ಕೊನೆಯ ಭಾಗ. ದೊಡ್ಡ ಅಧಿಕಾರಿಗಳಲ್ಲಿ ಎಷ್ಟೋ ಮಂದಿ ಯೇಸುವನ್ನು ನಂಬಿದ್ದರು, ಆದರೆ ಬಹಿಷ್ಕಾರಕ್ಕೆ ಹೆದರಿ ಬಾಯಿ ಬಿಟ್ಟು ಹೇಳಲಿಲ್ಲ, ಅವರಿಗೆ ದೇವರು ಕೊಡುವ ಮಹಿಮೆಗಿಂತ ಮನುಷ್ಯರು ಕೊಡುವ ಮಹಿಮೆಯೇ ಪ್ರಿಯವಾಗಿತ್ತು, ಎಂದು. ಓದಿದವನು ನಾನೇ. ನಿಯಮದಂತೆ ಎರಡು ಸಲ ಓದಿದೆ.

ಅಕ್ಕ ತನ್ನ ಮಾತಿನಲ್ಲಿ ತಿರುಗಿ ಹೇಳತೊಡಗಿದಳು.

“ಮಹಿಮಾ ಅಂದ್ರ ದೇವರದಲ್ರಿ. ಯಲ್ಲಮ್ಮನ ಮಹಿಮಾ ಅಂತೀವಿ, ರೋಗ ವಾಸಿ ಆದ್ರ. ಮನಶ್ಯಾರ ಮಹಿಮಾ ಅಂದ್ರ ತಿಳೀಲಿಲ್ಲ. ಉಳದದ್ದು ತಿಳೀತ್ರಿ. ಇವರು ದೊಡ್ಡ ಮಂದಿ. ಇವ ನಮ್ಮವ ಅಂತ ಮನಸಿನ್ಯಾಗ ಗೊತ್ತೈತಿ. ಖರೇ ನಾಕ ಮಂದಿ ಮುಂದ ಅನ್ನಾಕ ಬಾಯಿ ಬರಲಿಲ್ಲ. ಅಂದ್ರ ಮಂದಿ ತಮ್ಮನ್ನ ಸಣ್ಣವ್ರ ಮಾಡತಾರ ಅಂತ.”

“ಮಹಿಮಾ ಅನ್ನೂದರ ಬದಲಿ ನೀವಾದ್ರ ಏನ ಅಂತಿದ್ರಿ?” ಹಂಚಿನಮನಿಯವರು ಮುಂದೆ ಬಾಗಿದರು.

“ತೂಕ ಅನ್ನರಿ. ಮಂದಿ ಕೊಡೂ ತೂಕ, ದೇವರು ಕೊಡೂ ತೂಕ. ನಮ್ಮ ಕಡೆ ತೂಕದ ಮನಶ್ಯಾ ಅಂತಾರಲ್ರಿ.”

ಹಂಚಿನಮನಿಯವರು ನನ್ನ ಮುಖ ನೋಡಿದರು. ಹೀಬ್ರೂ ಮಾತಿನ ಬೇರು ಭಾರ ಎಂದು ಅವರು ಹೇಳಿದ್ದು ನನಗೂ ನೆನಪಿತ್ತು. ಸಂತೆಯ ಮಾತು ಎಂದುಕೊಂಡೆ.

“ಆ ದೊಡ್ಡ ಮಂದಿ ಕೆಟ್ಟವರೇನ್ರಿ, ಭೀಮಕ್ಕ?”

“ಕೆಟ್ಟವರು ಯಾಕರಿ. ಅಂಜಿದವರು.”

“ಮತ್ತ ಯೇಸುಗ ಏನ ಅನಿಸಿರಬೇಕು?”

“ಅವಗ ಗೊತ್ತಿರತೈತ್ರಿ,” ಎಂದಳು ಅಕ್ಕ. “ಕೆರಿ ದಂಡಿ ಮ್ಯಾಲ ನಿಂತವರಿಗೆ ಗೊತ್ತಿರತೈತಿ, ಇವತ್ತ ಅವ ಬರತಾನೋ ಇಲ್ಲೋ ಅಂತ. ಆದ್ರೂ ನಿಂದರತಾರ.”

ಒಳ್ಳೆಯ ಉತ್ತರ ಎಂದು ಮುಕ್ತಾ ಫಾರ್ಮಿನಲ್ಲಿ ಬರೆದಳು. ಹಂಚಿನಮನಿಯವರು ಕೆರೆ ಯಾವುದು ಎಂದು ಕೇಳಲಿಲ್ಲ.

ರಿಕ್ಷಾದಲ್ಲಿ ಮನೆಗೆ ಬರುವಾಗ ಅಕ್ಕ, “ಸಂಜೀಕ ಏನ ಪಲ್ಯಾ ಮಾಡ್ಲಿ?” ಎಂದಳು.

೨೭ ಜುಲೈ

ಕೆಲಸಕ್ಕೆ ಹೋಗಲಿಲ್ಲ.

೨೮ ಜುಲೈ

ಇಂದೂ ಹೋಗಲಿಲ್ಲ. ಜ್ವರ ಎಂದು ಫೋನ್ ಮಾಡಿದೆ. ಜ್ವರವಿಲ್ಲ.

೬ ಆಗಸ್ಟ್, ಭಾನುವಾರ

ಪಂಚಮಿ ಹಬ್ಬ ಆಯಿತು. ಅಕ್ಕ ಅಳ್ಳಿಟ್ಟು ಮಾಡಿದಳು, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು. ಪ್ರಮಿಳಾ ಕೋಲು ಹಿಡಿದು ಮಂಚದಿಂದ ಅಡಿಗೆಮನೆಯವರೆಗೆ ಹನ್ನೊಂದು ಹೆಜ್ಜೆ ನಡೆದಳು. ನಾನು ಎಣಿಸಿದೆ.

ಬಾಜು ಮನೆಯ ಗಂಗಾದೇವಿಯವರಿಗೆ ಉಂಡಿ ಕೊಡಲು ಅಕ್ಕ ಗೇಟಿಗೆ ಹೋಗಿದ್ದಳು. ನಾನು ಕಿಟಕಿಯ ಒಳಗೆ ಪೇಪರ್ ಓದುತ್ತಿದ್ದೆ. ಗಂಗಾದೇವಿಯವರು ಮಾತಿಗೆ ಮಾತು ಕೇಳಿದರು, “ಹಬ್ಬಕ್ಕ ಮಾಸ್ತರ್ರ ಮನಿಗೆ ಅಕ್ಕ ತಂಗೇರು ಯಾರೂ ಬಂದಿಲ್ಲೇನ?”

ಈ ಸೀಮೆಯಲ್ಲಿ ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆತರದ ಮನೆಯನ್ನು ಜನ ಮನೆ ಎನ್ನುವುದಿಲ್ಲ. ಅಣ್ಣನೋ ತಮ್ಮನೋ ಖುದ್ದಾಗಿ ಹೋಗಿ ಕರೆಯಬೇಕು. ಅಕ್ಕನಿಗೆ ಗಂಡ ತೀರಿ ಇಪ್ಪತ್ತು ವರ್ಷ. ಇಟಗಿಯಲ್ಲಿ ಮಗ ಲಕ್ಷ್ಮಣನ ಜೊತೆ ಇದ್ದಾಳೆ. ನಾನು ಒಂದು ವರ್ಷವೂ ಪಂಚಮಿಗೆಂದು ಹೋಗಿ ಕರೆದದ್ದಿಲ್ಲ.

“ಯಾರೂ ಬಂದಿಲ್ಲರಿ,” ಎಂದಳು ಅಕ್ಕ. “ಅವರಿಗೆ ದೂರ ಆಕ್ಕೈತಿ.”

ಒಳಗೆ ಬಂದು ಬುಟ್ಟಿ ಇಟ್ಟು ಕೈ ತೊಳೆದುಕೊಂಡಳು. ಮಂಚದ ಮೇಲಿಂದ ಪ್ರಮಿಳಾ ಎಲ್ಲ ಕೇಳಿಸಿಕೊಂಡಿದ್ದಳು. ನನ್ನನ್ನು ಎಡಗೈಯಿಂದ ಕರೆದಳು. ಒಂದು ಮಾತು ಹೊರಡಿಸಲು ಬಹಳ ಹೊತ್ತು ತೆಗೆದುಕೊಂಡಳು.

“ಬಂದಾಳ... ಅನ್ರಿ.”

ನಾಚಿಕೆಯಾಯಿತು. ನಾಚಿಕೆಯಾಗಿದೆ ಎಂದು ಇಲ್ಲಿ ಬರೆಯುವುದಕ್ಕೂ ನಾಚಿಕೆಯಾಗುತ್ತದೆ. ಈ ಮನೆಯಲ್ಲಿ ಒಂದು ಮಾತು ಹೇಳಲು ಬಾಯಿ ತಿರುಗದವರು ಇಬ್ಬರಿದ್ದೇವೆ, ಲಕ್ವಾ ಹೊಡೆದದ್ದು ಒಬ್ಬರಿಗೆ ಮಾತ್ರ.

ಆದರೂ ಗೇಟಿಗೆ ಹೋಗಿ ಹೇಳಲಿಲ್ಲ.

೧೭ ಆಗಸ್ಟ್, ಗುರುವಾರ

ಇನ್ನು ಸಾಕು, ಊರಿಗೆ ಹೋಗುತ್ತೇನೆ ಎಂದು ಅಕ್ಕ ಗಂಟು ಕಟ್ಟಿದಳು. ಪ್ರಮಿಳಾ ಬಚ್ಚಲಿಗೂ ತಾನೇ ಹೋಗಿ ಬರುತ್ತಾಳೆ, ನೀರು ಹಾಕಲು ನೀನಿದ್ದೀಯಲ್ಲ, ಎಂದಳು. ಇನ್ನೂ ಒಂದು ತಿಂಗಳು ಇರು ಎಂದೆ. “ಇದ್ದು ಯಾರಂತ ಇರ್ಲಿ?” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಗಂಟಿನ ತುದಿ ಬಿಗಿಯುತ್ತ ಹೇಳಿದಳು.

ಶನಿವಾರ ಸಮಿತಿಯ ಟ್ರ್ಯಾಕ್ಸ್ ಗಾಡಿ ಪರೀಕ್ಷೆಗೆಂದು ಖಾನಾಪುರದ ಕಡೆ ಹೋಗುತ್ತಿದೆ. ಹಂಚಿನಮನಿಯವರು ತಾವಾಗಿಯೇ, ಆ ಬಾಯಿಯನ್ನು ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ಬಿಡೋಣ, ಅಲ್ಲಿಂದ ಇಟಗಿ ಬಸ್ಸು ಸಿಗುತ್ತದೆ ಎಂದರು.

೧೯ ಆಗಸ್ಟ್, ಶನಿವಾರ

ಪ್ರಮಿಳಾಳ ಹತ್ತಿರ ಗಂಗಾದೇವಿಯವರು ಕುಳಿತಿದ್ದರು. ಗಾಡಿಯಲ್ಲಿ ಮುಂದೆ ನಾನು, ಹಂಚಿನಮನಿಯವರು. ಹಿಂದೆ ಮುಕ್ತಾ, ಟೇಪ್ ರೆಕಾರ್ಡರ್, ಅಕ್ಕ, ಅಕ್ಕನ ಗಂಟು. ದಾರಿಯುದ್ದಕ್ಕೂ ಅಕ್ಕ ಮುಕ್ತಾಗೆ ಯಾವ ಗಿಡದ ತೊಪ್ಪಲು ಕುರಿಗೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ತೋರಿಸುತ್ತ ಬಂದಳು. ನಾನು ಹಿಂದೆ ತಿರುಗಲಿಲ್ಲ.

ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಟಗಿ ಬಸ್ಸು ಆಗಲೇ ನಿಂತಿತ್ತು. ಅಕ್ಕ ಇಳಿದಳು. ಗಂಟನ್ನು ತಲೆಯ ಮೇಲಿಟ್ಟುಕೊಂಡು ಎಲ್ಲರಿಗೂ ಕೈ ಮುಗಿದಳು. ನನಗೂ ಮುಗಿದಳು.

“ಬರತೀನ್ರಿ, ಮಾಸ್ತರ.”

ನಾನು ಗಾಡಿಯಿಂದ ಇಳಿದದ್ದು ನೆನಪಿದೆ. ಮುಕ್ತಾಳ ಫೈಲಿನಿಂದ ಆ ದಿನದ ಫಾರ್ಮ್ ಕೇಳಿ ಇಸಿದುಕೊಂಡೆ. ಬಾನೆಟ್ಟಿನ ಮೇಲಿಟ್ಟು ‘ಇಲ್ಲ’ ಎಂಬುದನ್ನು ಹೊಡೆದು ಹಾಕಿ ‘ಒಡಹುಟ್ಟಿದ ಅಕ್ಕ’ ಎಂದು ಬರೆದೆ. ಪೆನ್ನು ಎರಡು ಸಲ ಮೂಡಲಿಲ್ಲ. ಹಂಚಿನಮನಿಯವರ ಕೈಗೆ ಕೊಟ್ಟೆ. ಹೇಳಬೇಕೆಂದಿದ್ದ ಮಾತು ಬಾಯಿಗೆ ಬರಲೇ ಇಲ್ಲ, ಬರೆದೇ ಕೊಡಬೇಕಾಯಿತು.

ಅವರು ಓದಿದರು. ಮುಕ್ತಾ ಓದಿದಳು. “ಅಜ್ಜಿ, ಸರ್ ನಿಮ್ಮ ತಮ್ಮ ಏನ್ರಿ?” ಎಂದಳು.

ಅಕ್ಕನಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಅವಳ ಮುಖ ಕೆಂಪಾಯಿತು. ನನ್ನನ್ನು ಬಸ್ಸಿನ ಮರೆಗೆ ಕರೆದುಕೊಂಡು ಹೋದಳು.

“ಯಾರು ಕೇಳಿದ್ರು ನಿನ್ನ? ನಾ ಅಷ್ಟು ಹೊತ್ತ ಆ ಚರ್ಚಿನ ಅಯ್ಯಾರ ಮುಂದ ಕುಂತು ನಿನ್ನ ಸಲುವಾಗಿ ಸುಳ್ಳ ಹೇಳಿದ್ನಿ. ಈಗ ಅವರು ನನಗ ಏನಂತಾರ? ಬಾಯಿ ಸುಳ್ಳಬುರಕಿ ಅದಾಳ ಅಂತಾರ. ನಿನ್ನ ಮಾನ ಉಳಸಾಕ ಹೋಗಿ ನಂದು ಹೋತು.”

“ಯಕ್ಕಾ...”

“ಹೇಳೂದಿದ್ರ ಅವತ್ತ ಹೇಳಬೇಕಾಗಿತ್ತು. ನನ್ನ ಬಾಯಿಗೆ ಬರೂದಕ್ಕಿಂತ ಮೊದಲ ಹೇಳಬೇಕಾಗಿತ್ತು.”

ಬಸ್ಸು ಹತ್ತಿದಳು. ಆಚೆ ಕಡೆಯ ಕಿಟಕಿಗೆ ಕುಳಿತಳು.

ಗಾಡಿಗೆ ಮರಳಿದಾಗ ಹಂಚಿನಮನಿಯವರು ಫಾರ್ಮನ್ನು ಮಡಿಚಿ ಕೈಯಲ್ಲೇ ಹಿಡಿದಿದ್ದರು. “ನನಗ ಅವತ್ತ ಸಂಶಯ ಬಂದಿತ್ರಿ, ಸರ. ಇಬ್ಬರ ಕಿವಿನೂ ಒಂದಽ ನಮೂನಿ ಅದಾವ. ಕೇಳಬೇಕಾಗಿತ್ತು. ನಿಮಗ ಅಪಮಾನ ಆದೀತು ಅಂತ ಬಿಟ್ಟೆ. ಆ ವಚನ ನಾನೂ ಕೇಳಿದ್ನಿ ನೋಡ್ರಿ, ನನಗೂ ತಾಕಲಿಲ್ಲ.”

ಆಮೇಲೆ ಒಂದು ಹಳ್ಳಿಗೆ ಹೋದೆವು. ಶಾಲೆಯ ಕಟ್ಟೆಯ ಮೇಲೆ ಮೂವರನ್ನು ಕೂರಿಸಿ ಓದಿದೆವು. ಮಹಿಮೆ ಎಂದರೆ ತಿಳಿಯಿತೆ ಎಂದರೆ ಮೂವರೂ ಹೌದ್ರಿ ಹೌದ್ರಿ ಎಂದರು. ದೊಡ್ಡ ಮನುಷ್ಯರು ಕೇಳುತ್ತಿದ್ದಾರೆಂದು ಹೌದು ಎಂದರು. ನನಗೆ ಗೊತ್ತಾಯಿತು, ಯಾರಿಗೂ ಏನೂ ತಿಳಿದಿರಲಿಲ್ಲ.

೨೩ ಆಗಸ್ಟ್, ಬುಧವಾರ

ನಿಯಮ ನಿಯಮವೇ. ಅಕ್ಕನ ಪರೀಕ್ಷೆ ರದ್ದಾಯಿತು. ಅದರ ಜೊತೆ ಅವಳು ಕೊಟ್ಟ ‘ತೂಕ’ವೂ ಹೋಯಿತು. ಹಳ್ಳಿಯ ಮೂವರು ಹೌದೆಂದಿದ್ದಾರೆ, ‘ಮಹಿಮೆ’ ಇರಲಿ ಎಂದಾಯಿತು.

ನಾನು ಒಂದು ತಾಸು ವಾದ ಮಾಡಿದೆ. ಎಲ್ಲ ಕಡೆ ಬೇಡ, ಆ ಒಂದು ವಚನದಲ್ಲಾದರೂ ‘ತೂಕ’ ಹಾಕೋಣ ಎಂದೆ. ಮಂದಿ ಕೊಟ್ಟ ತೂಕ ಮಂದಿಯೇ ಕಸಿದುಕೊಳ್ಳಬಹುದು, ಇದು ಕೇಳಿದವರಿಗೆ ಕೂಡಲೇ ತಿಳಿಯುತ್ತದೆ, ಮಹಿಮೆ ಕೇಳಿ ಕೈ ಮುಗಿಯುತ್ತಾರೆ, ಅಷ್ಟೇ, ಎಂದೆ. ಮುಕ್ತಾ ನಕ್ಕಳು. “ಸರ್, ಮಹಿಮಾ ಬೇಕಂತ ಎರಡ ತಿಂಗಳು ಜಗಳಾಡಿದವ್ರು ನೀವಽ ಅಲ್ರಿ?”

ಹಾಗೆ ಆಡಿದ್ದೆನೆ? ಇದ್ದೀತು. ಹಂಚಿನಮನಿಯವರು ಪುಟದ ಕೆಳಗೆ ಪೆನ್ಸಿಲಿನಲ್ಲಿ ‘ತೂಕ?’ ಎಂದು ಬರೆದಿಟ್ಟುಕೊಂಡರು.

೨೯ ಆಗಸ್ಟ್, ಮಂಗಳವಾರ

ಪ್ರಮಿಳಾಗೆ ನೀರು ಹಾಕುವುದು, ಕಾಲು ತೊಳೆದು ಬೆರಳುಗಳ ನಡುವೆ ಒರೆಸುವುದು, ಎಣ್ಣೆ ತಿಕ್ಕುವುದು ಈಗ ನನ್ನ ಕೆಲಸ. ಮೊದಲ ದಿನ ನೀರು ಬಿಸಿಯಾಯಿತು. ಎರಡನೆಯ ದಿನ ತಣ್ಣಗಾಯಿತು. ಇಂದು ಸರಿಯಾಗಿದೆ ಎಂದು ತಲೆ ಆಡಿಸಿದಳು. ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ಇದನ್ನು ಅಕ್ಕ ನಾಲ್ಕು ತಿಂಗಳು ಮಾಡಿದಳು, ಸೊಂಟದ ಮಾತು ಒಂದು ದಿನವೂ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಸಂಜೆ ಗಂಗಾದೇವಿಯವರು ಬಂದಾಗ, ಪಂಚಮಿಗೆ ನಿಮಗೆ ಉಂಡಿ ಕೊಟ್ಟವಳು ನನ್ನ ಅಕ್ಕ ಎಂದೆ. “ಗೊತ್ತೈತ್ರಿ,” ಎಂದರು. “ಹಗಲೆಲ್ಲಾ ನಮ್ಮ ಸಿದ್ದು, ನಮ್ಮ ಸಿದ್ದು ಅಂತಿದ್ರಲ್ರಿ ಹಿತ್ತಲದಾಗ. ಗೇಟಿನ್ಯಾಗ ಒಂದಿನ ಮಾತ್ರ ಅನಲಿಲ್ಲ.”

ಇಟಗಿಯಲ್ಲಿ ಕಲ್ಲಯ್ಯನ ಕಿರಾಣಿ ಅಂಗಡಿಯಲ್ಲಿ ಫೋನ್ ಇದೆ. ಮೂರು ಸಲ ಮಾಡಿದ ಮೇಲೆ ಕಲ್ಲಯ್ಯ ಸಿಕ್ಕ. ಪಂಚಮಿಗೆ ಕರೆಯುವುದು ತಪ್ಪಿತ್ತು, ಕರೆಯಲು ಊರಿಗೆ ಬರುತ್ತೇನೆ, ಅಕ್ಕನಿಗೆ ಹೇಳು ಎಂದೆ. ಅರ್ಧ ತಾಸು ಬಿಟ್ಟು ಅವನೇ ಮಾಡಿದ.

“ಊರಿಗೆ ಬರಬ್ಯಾಡ ಅಂತರಿ. ಮನಸ ಬಂದ್ರ ಐತವಾರ ಹತ್ತರ ಬಸ್ಸಿಗೆ ಖಾನಾಪುರಕ್ಕ ಬರತಾಳಂತ. ಬರದಿದ್ರ ಇಲ್ಲಂತ.”

ಬಸ್ಸಿನ ವೇಳೆ ಬರೆದುಕೊಳ್ಳಲು ಕಾಗದ ಸಿಗಲಿಲ್ಲ. ಜೇಬಿನಲ್ಲಿ ಯಾವುದೋ ಹಳೆಯ ಚೀಟಿ ಇತ್ತು, ಅದರ ಮೇಲೆ ಬರೆದುಕೊಂಡೆ.

೩ ಸೆಪ್ಟೆಂಬರ್, ಭಾನುವಾರ

ಪ್ರಮಿಳಾಳ ಹತ್ತಿರ ಗಂಗಾದೇವಿಯವರನ್ನು ಕೂರಿಸಿ ಒಂಬತ್ತಕ್ಕೇ ಖಾನಾಪುರದಲ್ಲಿದ್ದೆ. ಹತ್ತರ ಬಸ್ಸು ಬಂತು. ಸ್ಟ್ಯಾಂಡಿನ ತುಂಬ ಸಂತೆಗೆ ಬಂದ ಹಾಗೆ ಜನ. ಅದೇ ಹೊತ್ತಿಗೆ ಹಿಂದೆ ಶಿಕ್ಷಣ ಇಲಾಖೆಯಲ್ಲಿ ಅಧಿಕಾರಿಯಾಗಿದ್ದ ಮಾರ್ತಾಂಡ ಸಾಹೇಬರು ಕಂಡರು. ನನಗೆ ಪ್ರಶಸ್ತಿ ಶಿಫಾರಸು ಮಾಡಿದವರು. ಶಾಲು ಹೊದ್ದು ಅಳಿಯನ ಊರಿಗೆ ಹೊರಟಿದ್ದರು. ನನ್ನ ಕೈ ಹಿಡಿದು ನಿಂತರು.

“ಇಟಗಿಯವರ, ಇಲ್ಲೇನ ಮಾಡಾಕತ್ತೀರಿ?”

“ನಮ್ಮ ಅಕ್ಕ ಬರೂದೈತ್ರಿ. ಕರಿಯಾಕ ಬಂದೀನಿ.”

“ನಿಮಗ ಅಕ್ಕ ಅದಾರೇನು? ಇಷ್ಟ ವರ್ಷದಾಗ ಕೇಳೇ ಇರಲಿಲ್ಲಲ್ರಿ.”

“ಅದಾಳ್ರಿ,” ಎಂದೆ. “ನಾವು ಕುರುಬರು. ನನ್ನ ಓದಿಸಿದಾಕಿ ಆಕಿನಽ.”

ಅವರು ಹೌದೆ, ಹೌದೆ ಎಂದು ಹತ್ತು ನಿಮಿಷ ತಮ್ಮ ಮೊಣಕಾಲಿನ ಬಗ್ಗೆ ಮಾತಾಡಿದರು. ಅವರ ಹೆಗಲ ಮೇಲಿಂದಲೇ ನಾನು ಬಸ್ಸಿನ ಬಾಗಿಲು ನೋಡುತ್ತಿದ್ದೆ, ಗದ್ದಲದಲ್ಲಿ ಅರ್ಧವೂ ಕಾಣುತ್ತಿರಲಿಲ್ಲ. ಕೊನೆಯವರು ಇಳಿದರು, ಅಕ್ಕ ಕಾಣಲಿಲ್ಲ. ಸಾಹೇಬರು ತಮ್ಮ ಬಸ್ಸು ಹತ್ತಿ ಹೋದರು. ಹನ್ನೊಂದೂವರೆಯ ಬಸ್ಸು ಬಂತು. ಅದರಲ್ಲೂ ಇರಲಿಲ್ಲ. ಹನ್ನೆರಡಾಯಿತು. ಮನಸ್ಸು ಬರಲಿಲ್ಲ ಎಂದುಕೊಂಡೆ. ಕಾಲು ಸೋತಿದ್ದವು, ಆದರೂ ಕೂರಲಿಲ್ಲ. ಕೂತರೆ ಬಸ್ಸಿನಿಂದ ಕಾಣುವುದಿಲ್ಲ.

ನೀರು ಕುಡಿಯಲೆಂದು ರಸ್ತೆ ದಾಟಿದೆ. ಚಹಾದಂಗಡಿಯ ಬಾಜು, ಬೇವಿನ ಗಿಡದ ಕೆಳಗೆ, ಗಂಟು ಕಾಲಬಳಿ ಇಟ್ಟುಕೊಂಡು ಅಕ್ಕ ನಿಂತಿದ್ದಳು.

“ಯಾವಾಗ ಬಂದಿ?”

“ಹತ್ತರ ಬಸ್ಸಿಗೆ.”

“ಮತ್ತ ಇಲ್ಲಿ ಯಾಕ ನಿಂತಿ?”

“ನೀ ಯಾರೋ ದೊಡ್ಡವರ ಜೋಡಿ ಮಾತಾಡಾಕತ್ತಿದ್ದಿ,” ಎಂದಳು. “ಅವರು ಹೋಗಲಿ ಅಂತ. ಅವರು ಹೋದ ಮ್ಯಾಲ ಕರಿಯಾಕ ನೀನಽ ಬರತಿ ಅಂತ ನಿಂತ್ನಿ.”

ಎರಡು ತಾಸು ನಿಂತಿದ್ದಳು. ನಾನು ರಸ್ತೆಯ ಈಚೆ, ಅವಳು ಆಚೆ. ಸಾಹೇಬರಿಗೆ ನಾನು ನಮ್ಮ ಅಕ್ಕ ಎಂದು ಹೇಳಿದಾಗ ಅವಳಿಗೆ ಕೇಳುವಂತಿರಲಿಲ್ಲ. ಈಗ ಅವಳು ಮುಂದಿದ್ದಾಳೆ, ಹೇಳಲು ಯಾರೂ ಇಲ್ಲ. ಅವಳ ಗಂಟು ಎತ್ತಿಕೊಂಡೆ. ಬಹಳ ಭಾರವಿತ್ತು. ಜೋಳದ ಹಿಟ್ಟು, ಶೇಂಗಾ ಹಿಂಡಿ, ಪ್ರಮಿಳಾಗೆ ಕುರಿಯ ತುಪ್ಪ.

ಬೆಳಗಾವಿ ಬಸ್ಸಿನಲ್ಲಿ ಮೂರನೆಯ ಸಾಲಿನಲ್ಲಿ ಜಾಗ ಸಿಕ್ಕಿತು. ಕಂಡಕ್ಟರ್ ಬಂದ.

“ಎಷ್ಟ?”

“ಎರಡು,” ಎಂದೆ. “ಒಂದ ನಂದು, ಒಂದ ನಮ್ಮ ಅಕ್ಕಂದು.”

ಅವನಿಗೆ ಅದು ಬೇಕಿರಲಿಲ್ಲ. ಟಿಕೇಟು ಹರಿದು ಕೊಟ್ಟು ಮುಂದೆ ಹೋದ. ಹಿಂದಿನ ಸಾಲಿನ ಇಬ್ಬರು ನನ್ನ ಕಡೆ ನೋಡಿದರು.

“ಅಷ್ಟ ಜೋರಾಗಿ ಯಾಕ ಅಂತಿ,” ಎಂದಳು ಅಕ್ಕ, ಕಿಟಕಿಯ ಹೊರಗೆ ನೋಡುತ್ತ. “ನನಗ ಕೇಳಸತೈತಿ.”